ಸುರಗಿಯೊಳಗೆ ಕುಳಿತ ಅತ್ತಿ

ಅಕ್ಕಲಕೋಟದ ನಮ್ಮ ಮನೆಗೆ ಎರಡು ಬಾಗಿಲು. ಮುಂದಿನದು ಅಪ್ಪನದು, ಹಿಂದಿನದು ಅತ್ತಿಯದು. ಹಾಗಂತ ಯಾರೂ ಹಂಚಿ ಕೊಟ್ಟಿರಲಿಲ್ಲ, ತಾನಾಗಿ ಹಾಗೆ ಆಗಿಹೋಗಿತ್ತು. ಅಪ್ಪ ಕಚೇರಿಯಲ್ಲಿ ಕಾರಕೂನ. ಮುಂದಿನ ಪಡಸಾಲೆಯಲ್ಲಿ ಅವನ ಕರೀ ಟೋಪಿ ಸಿಗಿಸುವ ಗೂಟ, ಬೆತ್ತದ ಕುರ್ಚಿ, ಮರಾಠಿ ಪೇಪರು, ಬಂದವರಿಗೆ ಹಾಸಲು ಒಂದು ಒಳ್ಳೆಯ ಕಂಬಳಿ. ಬಂದವರು ಹೊಸ್ತಿಲ ಹೊರಗೆ ನಿಂತು "ಆಹೇತ ಕಾ ಮಾಳಪ್ಪರಾವ?" ಎಂದು, ಅಪ್ಪ ಮನೆಯಲ್ಲಿದ್ದಾನೆಯೇ ಎಂದು ಮರಾಠಿಯಲ್ಲಿ ಕೂಗುತ್ತಿದ್ದರು, ಅಪ್ಪ "ಯಾ, ಯಾ" ಎಂದು ಮರಾಠಿಯಲ್ಲೇ ಒಳಗೆ ಕರೆಯುತ್ತಿದ್ದ. ನಡುಮನೆ ದಾಟಿ, ಅಡಿಗೆಮನೆ ದಾಟಿ ಹಿತ್ತಲಿಗೆ ಬಂದರೆ ಮಾತೂ ಬೇರೆ, ಗಾಳಿಯೂ ಬೇರೆ. ಅಲ್ಲೊಂದು ಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು, ಗೋಡೆಗೆ ಹೊಂದಿ ಅತ್ತಿಯ ಕೋಣೆ. ಮಂಗಳವಾರ, ಶುಕ್ರವಾರ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದು, "ಯವ್ವಾ ರೇವವ್ವಾ, ಕೂಸು ಹಾಲು ಕುಡಿವಲ್ದು, ನೋಡ ಬಾರವ್ವ" ಎಂದು ಕೂಗುತ್ತಿದ್ದರು. ಅತ್ತಿ ಹೊರಗೆ ಬಂದು ಕೂಸಿನ ಹಣೆಗೆ ಭಂಡಾರ ಹಚ್ಚಿ, ಅದರ ತಾಯಿಗೆ ನಾಲ್ಕು ಬೈದು, ಎಲ್ಲವ್ವನ ಹೆಸರು ಹೇಳಿ ಕಳಿಸುತ್ತಿದ್ದಳು. ಬೆಳಿಗ್ಗೆ ಮುಂದಿನ ಬಾಗಿಲಿಗೆ ಬಂದು ಅಪ್ಪನ ಸಂಗಡ ಚಹಾ ಕುಡಿದುಹೋದ ಮನುಷ್ಯನೇ ಸಂಜೆ ಹೆಂಡತಿಯನ್ನು ಕರೆದುಕೊಂಡು ಹಿಂದಿನ ಬಾಗಿಲಿಗೆ ಬಂದು ಅತ್ತಿಯ ಕಾಲಿಗೆ ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಳಿಗ್ಗೆ ಅದೇ ಅತ್ತಿ ನಡುಮನೆಯಲ್ಲಿ ಹಾದುಹೋದಾಗ ಮಾತ್ರ ಆ ಪುಣ್ಯಾತ್ಮನ ಕಣ್ಣು ಪೇಪರಿನಿಂದ ಮೇಲೆ ಎದ್ದಿರಲಿಲ್ಲ.

ಅತ್ತಿ ಯಾರು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಡುವಂಥದ್ದು ಏನೂ ಇಲ್ಲ. ಆಕೆ ನನ್ನ ಅಪ್ಪನ ಒಡಹುಟ್ಟಿದವಳು, ಅವನಿಗಿಂತ ದೊಡ್ಡವಳು. ಹುಟ್ಟಿದಾಗ ಇಟ್ಟ ಹೆಸರು ರೇವಪ್ಪ. ನಮ್ಮ ಹಳ್ಳಿ ವಾಗದರಿಯಲ್ಲಿ ಹಿರಿಯರ ಕುರಿಯ ಹಿಂಡಿನ ಹಿಂದೆ ಕೋಲು ಹಿಡಿದು ತಿರುಗುತ್ತಿದ್ದ ಹುಡುಗ ಮೀಸೆ ಮೂಡುವ ವಯಸ್ಸಿನಲ್ಲಿ ಕುರಿ ಬಿಟ್ಟು, ಧೋತರ ಬಿಟ್ಟು, ತನ್ನ ಅವ್ವನ ಹಳೆಯ ಸೀರೆ ಉಟ್ಟುಕೊಂಡು ಅಡಿಗೆಮನೆಯಲ್ಲಿ ಕೂತುಬಿಟ್ಟನಂತೆ. ತಲೆಯಲ್ಲಿ ಜಡೆಗಟ್ಟಿತು. ಊರವರು ಎಲ್ಲವ್ವ ಮೈಮೇಲೆ ಬಂದಾಳೆ ಅಂದರು. ಮುತ್ತು ಕಟ್ಟಿಸಿ, ದೇವಿಗೆ ಬಿಟ್ಟು ಜೋಗವ್ವ ಮಾಡಿದರು. ಕೊರಳಲ್ಲಿ ಕೆಂಪು ಬಿಳಿ ಮಣಿಗಳ ಸರ, ತಲೆಯ ಮೇಲೆ ದೇವಿಯ ಮುಖವಿಟ್ಟ ಕೊಡ, ಕೈಯಲ್ಲಿ ಚೌಡಿಕೆ. ರೇವಪ್ಪ ರೇವವ್ವ ಆದಳು. ಅಲ್ಲಿಯತನಕ ಸರಿ. ಆದರೆ ನನ್ನ ಅಜ್ಜ, "ದೇವರ ಮಗಳು ಆದ್ಲು, ಇನ್ನ ದೇವರ ಮನಿಗೇ ಹೋಗಲಿ. ನಮ್ಮದು ಬೀರೋಬನ ಮನಿ, ಇಲ್ಲಿ ಎಲ್ಲವ್ವಗ ಏನ್ ಕೆಲಸ?" ಎಂದು ಆಕೆಯ ಹಾಸಿಗೆಯನ್ನು ಕುರಿದಡ್ಡಿಗೆ ಎಸೆದನಂತೆ. ನನ್ನ ಅಜ್ಜಿ, ನಾವು ಆಯಿ ಅನ್ನುತ್ತಿದ್ದೆವು, ಆ ಹಾಸಿಗೆಯನ್ನು ತಾನೇ ಹೊತ್ತುಕೊಂಡು ಮತ್ತೆ ಒಳಗೆ ತಂದು ಹಾಸಿ ಹೇಳಿದ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

"ಬೀರೋಬಗ ಕುರಿ ಕಾಯೂದು ಗೊತ್ತದ. ನನ್ನ ಕೂಸಿನ್ನ ಕಾಯಾಕ ಎಲ್ಲವ್ವನೇ ಬೇಕಾಗಿತ್ತು, ಬಂದಾಳ. ಇಬ್ಬರೂ ಇರ್ತಾರ ಈ ಮನ್ಯಾಗ. ನಿಮಗ ಇಕ್ಕಟ್ಟ ಆದ್ರ ನೀವು ಹೋಗ್ರಿ ದಡ್ಡಿಗಿ."

ಅಜ್ಜ ಹೋಗಲಿಲ್ಲ, ಹಾಸಿಗೆಯೂ ಹೋಗಲಿಲ್ಲ. ಅಪ್ಪನಿಗೆ ನೌಕರಿ ಸಿಕ್ಕಿ ಅಕ್ಕಲಕೋಟಕ್ಕೆ ಬಂದಾಗ, ಅಜ್ಜ ತೀರಿದ ಮೇಲೆ, ಆಯಿ ಎರಡು ಟ್ರಂಕು, ಒಂದು ಬೀಸುವ ಕಲ್ಲು ತೆಗೆದುಕೊಂಡು, ರೇವವ್ವನನ್ನು ಕರೆದುಕೊಂಡು ಬಂದಳು. ನಾನು ಹುಟ್ಟಿದ್ದು ಆಮೇಲೆ. ಹಾಗಾಗಿ ನನಗೆ ತಿಳುವಳಿಕೆ ಬಂದಾಗಿನಿಂದ ಆಕೆ ಅತ್ತಿಯೇ, ಬೇರೆ ಏನೂ ಆಗಿರಲಿಲ್ಲ.

ಈಗ ಸೋಲಾಪುರದ ವಿಜಾಪುರ ರಸ್ತೆಯ ನಮ್ಮ ಮನೆಗೆ ಹುಡುಗ ಹುಡುಗಿಯರು ಬರುತ್ತಾರೆ. ನಾನೂ ಪದ್ಮಾಳೂ ಎಷ್ಟೋ ವರ್ಷಗಳಿಂದ ಇಲ್ಲಿ ಸಂಸಾರ ಮಾಡಿಕೊಂಡಿದ್ದೇವೆ. ಇಬ್ಬರೂ ಮಾಸ್ತರಣಿಯರಾಗಿದ್ದವರು, ಈಗ ಇಬ್ಬರೂ ಮೊಣಕಾಲು ನೋವಿನವರು. ಓಣಿಯವರು ಮೊದಲು ಗೆಳತಿಯರು ಅಂದರು, ಆಮೇಲೆ ಅಕ್ಕತಂಗಿ ಅಂದರು, ಈಗ ಏನೂ ಅನ್ನುವುದಿಲ್ಲ. ಈ ಹುಡುಗರು ಮಾತ್ರ ಧೈರ್ಯವಾಗಿ ಕೇಳುತ್ತಾರೆ: "ಆಜಿ, ನಮ್ಮಂಥವರ ಹೋರಾಟ ಯಾವಾಗ ಸುರು ಆತು?" ಅವರಿಗೆ ಬಾವುಟ ಗೊತ್ತು, ಮೆರವಣಿಗೆ ಗೊತ್ತು, ಕೋರ್ಟಿನ ತೀರ್ಪು ಗೊತ್ತು. ಎಲ್ಲವೂ ಬೇಕು, ನಾನು ಬೇಡ ಅನ್ನುವವಳಲ್ಲ. ಆದರೆ ಇವರು ಹುಟ್ಟಿದ ದಿನವೇ ಲೋಕ ಹುಟ್ಟಿತು ಅನ್ನುವ ಹಾಗೆ ಮಾತಾಡಿದರೆ ನನಗೆ ರೇಗುತ್ತದೆ. "ಕುಂಡರ್ರಿ, ಚಹಾ ಕುಡೀರಿ" ಎಂದು ಹೇಳಿ ಅವರನ್ನು ಮಾತಿನಲ್ಲೇ ಅಕ್ಕಲಕೋಟದ ಆ ಅಡಿಗೆಮನೆಗೆ ಕರೆದೊಯ್ಯುತ್ತೇನೆ.

ಆ ಅಡಿಗೆಮನೆ ಕತ್ತಲು ಕತ್ತಲು. ಒಂದು ಗವಾಕ್ಷಿ, ಎರಡು ಒಲೆ. ಒಂದರ ಮುಂದೆ ಅವ್ವ, ಇನ್ನೊಂದರ ಮುಂದೆ ಅತ್ತಿ. ಅತ್ತಿ ರೊಟ್ಟಿ ಬಡಿದರೆ ಆ ಸಪ್ಪಳ ಓಣಿಯ ಕೊನೆಗೆ ಕೇಳುತ್ತಿತ್ತು. ಅವಳ ಕೈ ದೊಡ್ಡವು, ರೊಟ್ಟಿಯೂ ದೊಡ್ಡವು, ಒಂದು ತಿಂದರೆ ನನ್ನ ಹೊಟ್ಟೆ ತುಂಬುತ್ತಿತ್ತು. ಅವ್ವನಿಗೂ ಅವಳಿಗೂ ದಿನಾ ಜಗಳ. ಶೇಂಗಾ ಚಟ್ನಿಯ ಮೇಲೆ ಜಗಳ, ಉಪ್ಪಿನ ಮೇಲೆ ಜಗಳ, ನೀರಿನ ಕೊಡ ಎಲ್ಲಿಡಬೇಕು ಅನ್ನುವುದರ ಮೇಲೆ ಜಗಳ.

"ಚಟ್ನಿ ಹಿಂಗ ಕುಟ್ಟತಾರೇನ? ಎಣ್ಣಿ ಬಿಡಬೇಕು ಶೇಂಗಾ. ನೀ ಕುಟ್ಟಿದ್ದು ನೋಡಿದ್ರ ಮಣ್ಣ ಜರಡಿ ಹಿಡದಂಗ ಅದ."

"ನಾದಿನಿ ಬಾಳ ಶ್ಯಾಣ್ಯಾಕಿ ಅದಾಳ. ಬಾ, ನೀನೇ ಕುಟ್ಟು. ತೋಳಾಗ ಕಸುವು ಅದ."

"ಕಸುವಿನ ಮಾತ ಆಡಬ್ಯಾಡ ನೋಡು, ಮೂಳೀ!"

ಇಬ್ಬರೂ ನಗುವರು. ಅವ್ವ 'ನಾದಿನಿ' ಅನ್ನುತ್ತಿದ್ದದ್ದು ಚೇಷ್ಟೆಗೆ ಅಲ್ಲ. ಮದುವೆಯಾಗಿ ಬಂದ ದಿನ ಆಯಿ ಹಾಗೆ ತೋರಿಸಿಕೊಟ್ಟಿದ್ದಳು, ಅವ್ವ ಹಾಗೇ ಹಿಡಿದುಕೊಂಡಿದ್ದಳು. ನಾದಿನಿಯ ಸಂಗಡ ಎಷ್ಟು ಜಗಳಾಡಬೇಕೋ ಅಷ್ಟನ್ನೂ ಪ್ರಾಮಾಣಿಕವಾಗಿ ಆಡಿದಳು.

ಅಮಾವಾಸ್ಯೆಯ ಹತ್ತಿರ ಮಂದ್ರೂಪದಿಂದ ಚಂದ್ರವ್ವ ಬಸ್ಸು ಹತ್ತಿ ಬರುವಳು. ಅವಳೂ ಜೋಗವ್ವ, ಅತ್ತಿಗಿಂತ ಹಿರಿಯಳು, ಎತ್ತರದ ಹೆಂಗಸು, ಎಲೆ ಅಡಿಕೆಯಿಂದ ಬಾಯಿ ಸದಾ ಕೆಂಪು. ಅವಳನ್ನು ಒಮ್ಮೆ ಸೋಲಾಪುರದ ಪೇಟೆಯಲ್ಲಿ ಒಬ್ಬ ಫೌಜದಾರ ಹಿಡಿದು ಪೊಲೀಸ್ ಚೌಕಿಗೆ ಎಳೆದೊಯ್ದಿದ್ದನಂತೆ. ಗಂಡಸಾಗಿ ಸೀರೆ ಉಟ್ಟು ಮಂದಿಗೆ ಮೋಸ ಮಾಡುತ್ತಾಳೆ ಅನ್ನುವುದು ಅವನ ತಕರಾರು. ಜಡೆ ಕತ್ತರಿಸಿ, ಧೋತರ ಉಡಿಸಿ ಕಳಿಸುತ್ತೇನೆ ಅಂದನಂತೆ. ಸುದ್ದಿ ಊರಿಂದೂರಿಗೆ ಹೋಗಿ ಜೋಗವ್ವಗಳೆಲ್ಲ ಕೊಡ ಹೊತ್ತುಕೊಂಡು ಬಂದು ಚೌಕಿಯ ಬಾಗಿಲಿಗೆ ಕೂತರು. ಅತ್ತಿಯೂ ಹೋಗಿದ್ದಳು. ಬೈಯಲಿಲ್ಲ, ಕಲ್ಲು ಎಸೆಯಲಿಲ್ಲ. ಚೌಡಿಕೆ ಬಾರಿಸುತ್ತ ಹಾಡುತ್ತಲೇ ಇದ್ದರು. ಕಾಯಿಪಲ್ಲೆ ಮಾರುವ ಹೆಂಗಸರು ಬುಟ್ಟಿ ಬಿಟ್ಟು ಬಂದು ಅವರ ಹಿಂದೆ ಕೂತರು. ಪೇಟೆ ನಿಂತುಹೋಯಿತು. ಕಡೆಗೆ ಫೌಜದಾರನ ಹೆಂಡತಿಯೇ ಅರಿಶಿಣ ಕುಂಕುಮದ ತಟ್ಟೆ ಹಿಡಿದು ಬಂದು, "ಇವರ ಶಾಪ ನಮಗ ಬ್ಯಾಡ, ಬಿಡ್ರಿ" ಎಂದು ಗಂಡನಿಗೆ ಹೇಳಿದಳಂತೆ. ಚಂದ್ರವ್ವ ಈ ಕತೆಯನ್ನು ಪ್ರತಿಸಲ ಹೇಳುವಳು, ಪ್ರತಿಸಲ ಫೌಜದಾರನ ಮೀಸೆ ಇನ್ನಷ್ಟು ಉದ್ದವಾಗುವುದು. ನಾವು ಅಂಗೈ ಮೇಲೆ ಬೆಲ್ಲ ಇಟ್ಟುಕೊಂಡು ನೆಕ್ಕುತ್ತ ಕೇಳುತ್ತಿದ್ದೆವು.

ಆದರೆ ಕತೆಯ ಕೊನೆಗೆ ಅತ್ತಿ ಒಂದು ಮಾತು ಸೇರಿಸುತ್ತಿದ್ದಳು. ಅದು ಚಂದ್ರವ್ವನಿಗೆ ಹಿಡಿಸುತ್ತಿರಲಿಲ್ಲ.

"ಬಿಟ್ಟಾನ ಖರೇ, ಯಾಕ ಬಿಟ್ಟ? ತಲೀ ಮ್ಯಾಲೆ ಎಲ್ಲವ್ವ ಇದ್ಲು, ಹೆದರಿ ಬಿಟ್ಟ. ಕೊಡ ಕೆಳಗ ಇಟ್ಟ ಮ್ಯಾಲೆ ನಮಗ ಯಾರು ಬಾ ಅಂತಾರ, ಹೇಳು?"

ನನಗೆ ಆಗ ಅದರ ಅರ್ಥ ಪೂರ್ತಿ ಆಗಿರಲಿಲ್ಲ. ಅಕ್ಕನ ಮದುವೆಯಲ್ಲಿ ಆಯಿತು.

ಅದಕ್ಕೆ ಮೊದಲು ಅಪ್ಪನ ಬಗ್ಗೆ ಹೇಳಬೇಕು. ಅಪ್ಪ ಕೆಟ್ಟವನಲ್ಲ, ಹೆದರಿಕೆಯವನು. ಸಾಹೇಬನಿಗೆ ಹೆದರುವನು, ಸಾಹೇಬನ ಸಿಪಾಯಿಗೂ ಹೆದರುವನು. ಆಗ ಊರಲ್ಲೆಲ್ಲ ಒಂದೇ ಮಾತು: ನಮ್ಮ ತಾಲೂಕು ಕನ್ನಡದ ಕಡೆ ಹೋಗುತ್ತದೋ ಮರಾಠಿಯ ಕಡೆ ಉಳಿಯುತ್ತದೋ. ಪಡಸಾಲೆಯಲ್ಲಿ ಕೂತವರು ಕಪ್ಪು ಬಸಿ ಬಡಿದು ವಾದ ಮಾಡುತ್ತಿದ್ದರೆ ಅಪ್ಪ ಎರಡೂ ಕಡೆಯವರಿಗೆ "ಹೌದು, ಬರೋಬರ ಆಹೇ" ಅನ್ನುತ್ತಿದ್ದ. ಅವನು ಅತ್ತಿಯನ್ನು ಯಾವ ಹೆಸರಿನಿಂದಲೂ ಕರೆದದ್ದನ್ನು ನಾನು ಕೇಳಿರಲಿಲ್ಲ. ಅಣ್ಣ ಅನ್ನಲು ಆಯಿ ಬಿಡುತ್ತಿರಲಿಲ್ಲ, ಅಕ್ಕ ಅನ್ನಲು ಅವನ ನಾಲಿಗೆ ಏಳುತ್ತಿರಲಿಲ್ಲ. ಊಟಕ್ಕೆ ಕೂತಾಗ ನನ್ನನ್ನು ಕರೆದು, "ಗಂಗೂ, ಹಿತ್ತಲದಾಗ ಊಟ ಆತೇನ ಕೇಳಿ ಬಾ" ಅನ್ನುವನು. ಹಿತ್ತಲಿಗೆ ಹೋಗಿ ಅತ್ತಿಯನ್ನು ಕೇಳಿ ಬಂದು, ಆಯಿತು ಎಂದು ನಾನು ಹೇಳಿದ ಮೇಲೆಯೇ ಮೊದಲ ತುತ್ತು ಎತ್ತುವನು. ಒಂದು ದಿನವೂ ತಪ್ಪಿಸಿದವನಲ್ಲ.

ನನ್ನ ಅಕ್ಕ ಶಾಂತಾಳನ್ನು ನೋಡಲು ಸೋಲಾಪುರದಿಂದ ಬಂದರು. ಹುಡುಗ ಮಿಲ್ಲಿನ ಆಫೀಸಿನಲ್ಲಿ ಕೆಲಸ, ತಂದೆ ಇಲ್ಲ. ಎಲ್ಲ ಮಾತು ಅವನ ಕಾಕಾ ಸಿದರಾಯನದು. ನಮ್ಮದೇ ಜಾತಿಯವರು, ಆದರೆ ಅವರು ಊರು ಬಿಟ್ಟು ಪೇಟೆಯವರಾಗಿ ತಲೆಮಾರು ಕಳೆದಿತ್ತು. ಊರು ಬಿಟ್ಟವರಿಗೆ ಪದ್ಧತಿಯ ಹಸಿವು ಹೆಚ್ಚು. ಸಿದರಾಯಕಾಕಾ ಒಳ್ಳೆಯ ಕಂಬಳಿಯ ಮೇಲೆ ಕೂತು, ನಮ್ಮಲ್ಲಿ ಹೀಗೆ, ನಮ್ಮಲ್ಲಿ ಹಾಗೆ ಎಂದು ಒಂದೊಂದೇ ಶರತ್ತು ಹಾಕತೊಡಗಿದ. ಹುಡುಗಿ ಒಪ್ಪಿಗೆಯಾಗಿತ್ತು, ಎಲೆ ಅಡಿಕೆಯ ತಟ್ಟೆ ನಡುವೆ ಬಂದಿತ್ತು. ಆಗ ಕೊನೆಯ ಮಾತು ಅಂದ:

"ಹೇ ಬಘಾ ಮಾಳಪ್ಪರಾವ, ಈಗಿನ ಮಂದಿ ಎಲ್ಲಾ ಬಿಟ್ಟಾರ. ನಾವು ಬಿಟ್ಟಿಲ್ಲ. ಸುರಗ್ಯಾಗ ಹೆಣ್ಣಿನ ಬಾಜೂಕ ಸೋದರತ್ತಿ ಕುಂಡರಬೇಕು. ಮೊದಲ ಅರಿಶಿಣ ಅಕೀ ಕೈಯಿಂದ್ಲೇ. ಸೋದರತ್ತಿ ಇಲ್ಲದ ಮನಿ ಹೆಣ್ಣು ನಾವು ತರೂದಿಲ್ಲ. ಅದಾಳೋ ಇಲ್ಲೋ, ಈಗ ಹೇಳ್ರಿ."

ಅಪ್ಪನ ಮುಖ ಸುಣ್ಣ. ಅವನು ಬಾಯಿ ತೆರೆಯುವ ಮೊದಲೇ ನಡುಮನೆಯ ಬಾಗಿಲಿಂದ ಆಯಿಯ ಧ್ವನಿ ಬಂತು.

"ಅದಾಳ. ಮನ್ಯಾಗೇ ಅದಾಳ. ಚಿಂತಿ ಮಾಡಬ್ಯಾಡ್ರಿ, ಎಲಿ ಹಿಡೀರಿ."

ಸಿದರಾಯಕಾಕಾ ಸಂತೋಷದಿಂದ ಎಲೆ ಹಿಡಿದ. ಎಲೆ ಹಿಡಿದ ಮೇಲೆ ಮಾತು ಮುಗಿಯಿತು. ಅಡಿಗೆಮನೆಯಲ್ಲಿ ಅತ್ತಿ ಹೂರಣ ರುಬ್ಬುತ್ತಿದ್ದವಳು ಕೈ ನಿಲ್ಲಿಸಿ ಕೂತಿದ್ದಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಎಷ್ಟೋ ಮದುವೆಗಳಿಗೆ ಅವಳು ಹೋಗಿದ್ದಳು. ಹಂದರದ ಬಾಗಿಲಿಗೆ ನಿಂತು ದೇವಿಯ ಹಾಡು ಹಾಡಿ, ಜೋಗದ ಭಿಕ್ಷೆ ಪಡೆದು ಬಂದಿದ್ದಳು. ಹಂದರದ ಒಳಗೆ ಬಂಧುವಾಗಿ ಕೂತವಳಲ್ಲ.

ಸುರಗಿ ಅಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಅಂಗಳದ ಹಂದರದಲ್ಲಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಡುತ್ತಾರೆ. ನಡುವೆ ಮಣೆಯ ಮೇಲೆ ಮದುಮಗಳು, ಪಕ್ಕದಲ್ಲಿ ಸೋದರತ್ತೆ. ಮುತ್ತೈದೆಯೊಬ್ಬಳು ತಂಬಿಗೆಗಳ ಕೊರಳಿಗೆ ಹಸಿ ನೂಲನ್ನು ಸುತ್ತುತ್ತ ಹೋಗುತ್ತಾಳೆ. ಸುತ್ತು ಮುಗಿದ ಮೇಲೆ ಅರಿಶಿಣ, ನೀರು, ಆರತಿ. ಆರತಿ ಆಗುವತನಕ ಒಳಗಿದ್ದವರು ಏಳುವ ಹಾಗಿಲ್ಲ, ಹೊರಗಿದ್ದವರು ನೂಲು ದಾಟುವ ಹಾಗಿಲ್ಲ. ಆ ನೂಲನ್ನೇ ತೆಗೆದು ಅರಿಶಿಣದ ಕೊಂಬು ಕಟ್ಟಿ ಮದುಮಕ್ಕಳ ಕೈಗೆ ಕಂಕಣ ಮಾಡುತ್ತಾರೆ. ನಡುವೆ ನೂಲು ಹರಿದರೆ ಆ ಮದುವೆಗೇ ಕೇಡು, ಹರಿದವರ ವಂಶಕ್ಕೂ ಕೇಡು ಎಂದು ನಮ್ಮವರು ನಂಬುತ್ತಿದ್ದರು.

ಬೀಗರು ಮದುವೆಯ ಹಿಂದಿನ ದಿನ ಬಂದು ಇಳಿದರು. ಸೋದರತ್ತಿ ಅಂದರೆ ಜೋಗವ್ವ ರೇವವ್ವ ಎಂದು ಓಣಿಯವರು ಯಾರೋ ಅವರ ಕಿವಿ ಊದಿದರು. ಬೆಳಿಗ್ಗೆ ಸುರಗಿಯ ಸಿದ್ಧತೆ ನಡೆದಾಗ ಸಿದರಾಯಕಾಕಾ ಅಪ್ಪನನ್ನು ಕರೆಸಿಕೊಂಡ. ಅಪ್ಪ ಅಲ್ಲಿಂದ ಸೀದಾ ಅಡಿಗೆಮನೆಗೆ ಬಂದ. ಅವನು ಅಲ್ಲಿಗೆ ಬರುವುದೇ ಅಪರೂಪ. ಒಲೆಯ ಹತ್ತಿರ ಆಯಿ, ಅವ್ವ, ಅತ್ತಿ, ಅರಿಶಿಣದ ಸೀರೆ ಉಟ್ಟ ಅಕ್ಕ, ಅಕ್ಕನ ಮುಡಿಗೆ ಹೂವು ಕೊಡುತ್ತ ನಾನು. ಅಪ್ಪ ಗೋಡೆ ನೋಡುತ್ತ ಹೇಳಿದ:

"ಅವರು ಸಿಟ್ಟೇನ ಆಗಿಲ್ಲ. ಬಾಳ ಮರ್ಯಾದಿಯಿಂದ ಹೇಳ್ಯಾರ. ಎಲ್ಲವ್ವನ ಕೊಡ ಹೊತ್ತುಕೊಂಡು ಬರಲಿ, ಹಂದರದ ಮುಂದ ಪಾದಪೂಜಿ ಮಾಡ್ತಾರಂತ, ಉಡಿ ತುಂಬತಾರಂತ, ಕಾಲಿಗಿ ಬೀಳ್ತಾರಂತ. ಸುರಗ್ಯಾಗ ಮಾತ್ರ ಬ್ಯಾಡಂತ. ಅಲ್ಲಿ ಬ್ಯಾರೆ ಯಾರರೆ ಕುಂಡರಲಿ ಅಂತಾರ. ಆಯೀ, ಇದರಾಗ ಅವಮಾನ ಏನದ? ದೇವರಂಗ ನೋಡ್ಕೋತೀವಿ ಅನ್ನಾಕತ್ತಾರ."

ಅವ್ವ ಏನೋ ಅನ್ನಲು ಹೋದಳು. ಅತ್ತಿ ಕೈ ಅಡ್ಡ ಹಿಡಿದು ತಡೆದಳು. ಅವಳು ಎದ್ದು ನಿಂತರೆ ಅಪ್ಪನಿಗಿಂತ ಗೇಣು ಎತ್ತರ.

"ದೇವರಂಗ ನನ್ನ ಎಲ್ಲಾರೂ ನೋಡ್ಯಾರಲೋ, ಅದರಾಗ ಹೊಸಾದು ಏನದ? ಹಡದ ಅಪ್ಪನೇ ದೇವರಂಗ ನೋಡಿ ದಡ್ಡಿಗಿ ಹಾಕಿದ. ಕೊಡ ಹೊತ್ತರ ಫೌಜದಾರನೂ ಕೈ ಮುಗೀತಾನ. ಇವತ್ತ ನಾ ಕೊಡ ಮುಟ್ಟಾಂಗಿಲ್ಲ. ಎಲ್ಲವ್ವಗ ಮುಂಜಾನೇನೇ ಹೇಳೀನಿ: ತಾಯಿ, ಇವತ್ತೊಂದು ದಿನ ನೀ ಮನ್ಯಾಗ ಕುಂಡರು, ನಾ ನಮ್ಮ ಹುಡಿಗೀ ಮದಿವಿ ಮಾಡಿ ಬರ್ತೀನಿ. ನಾ ಶಾಂತಿಯ ಸೋದರತ್ತಿ. ಸೋದರತ್ತಿಯಾಗಿ ಕರದ್ರ ಬರ್ತೀನಿ. ಇಲ್ಲಂದ್ರ ರೊಟ್ಟಿ ಬಡಕೋಂತ ಇಲ್ಲೇ ಕುಂಡರತೀನಿ. ಪಾದಪೂಜಿ ಅವರ ಪಾದಕ್ಕೇ ಮಾಡ್ಕೊಳ್ಳಲಿ."

ಅಪ್ಪ ಅಕ್ಕನ ಕಡೆ ನೋಡಿದ. ಬಹುಶಃ ಅವಳು ಅತ್ತುಬಿಡುತ್ತಾಳೆ, ಅತ್ತಿ ಕರಗುತ್ತಾಳೆ ಎಂದು ಅವನ ಎಣಿಕೆಯಿತ್ತೋ ಏನೋ. ಅಕ್ಕ ನಮ್ಮೆಲ್ಲರಲ್ಲಿ ಮೆತ್ತಗಿನವಳು, ಬೆಕ್ಕು ಎದುರಾದರೂ ದಾರಿ ಬಿಡುವವಳು.

"ಅಪ್ಪಾ," ಅಂದಳು ಅಕ್ಕ, "ನನ್ನ ತಲಿ ಹಿಕ್ಕಿದಾಕಿ ಅಕಿ, ನನ್ನ ಹೊಟ್ಟಿನೋವಿಗಿ ಬಿಸಿ ಬಟ್ಟಿ ಇಟ್ಟಾಕಿ ಅಕಿ. ಅತ್ತಿ ಕುಂಡರದ ಸುರಗ್ಯಾಗ ನಾ ಕುಂಡರೂದಿಲ್ಲ. ಅವರು ತಿರಗಿ ಹೋದ್ರ ಹೋಗಲಿ. ನಾ ಅಳೂದಿಲ್ಲ."

ಮದುವೆ ಮುರಿದು ಬೀಗರು ತಿರುಗಿ ಹೋದರೆ ಆ ಕಾಲದಲ್ಲಿ ಹುಡುಗಿಯ ಗತಿ ಏನಾಗುತ್ತಿತ್ತು ಅನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದ. ಏನು ಹೇಳಲು ಹೋದ, ಯಾರಿಗೆ ಹೇಳಲು ಹೋದ ಎಂದು ನಮಗೆ ತಿಳಿಯಲಿಲ್ಲ. ಆಯಿ ಅವ್ವನ ಕಡೆ ತಿರುಗಿ ಒಂದೇ ಮಾತು ಕೇಳಿದಳು. ಆಯಿ ವಿಧವೆ, ನೂಲು ಮುಟ್ಟುವ ಹಾಗಿರಲಿಲ್ಲ.

"ನೂಲು ಎಲ್ಲದ?"

"ನನ್ನ ಕೈಯಾಗೇ ಅದ," ಅಂದಳು ಅವ್ವ.

ಆಮೇಲೆ ನಡೆದದ್ದೆಲ್ಲ ಸರಸರ ನಡೆಯಿತು. ಬೀಗರ ಗಂಡಸರು ತಾವು ಇಳಿದುಕೊಂಡಿದ್ದ ಜಾನುವಸದ ಮನೆಯಲ್ಲಿ ಫಳಾರಕ್ಕೆ ಕೂತಿದ್ದರು. ಹಂದರದಲ್ಲಿ ಅವರ ಕಡೆಯ ಹೆಂಗಸರು ಮಾತ್ರ ಇದ್ದರು. ಅತ್ತಿ ಅಕ್ಕನ ಕೈ ಹಿಡಿದು ಹೊರಗೆ ಬಂದಳು. ಕೊಡ ಇಲ್ಲ, ಚೌಡಿಕೆ ಇಲ್ಲ, ಜಡೆಯನ್ನು ಒಪ್ಪವಾಗಿ ತುರುಬು ಕಟ್ಟಿ ಮೇಲೆ ಸೆರಗು ಹೊದ್ದಿದ್ದಳು. ಮಣೆಯ ಮೇಲೆ ಅಕ್ಕ, ಪಕ್ಕದ ಮಣೆಯ ಮೇಲೆ ಅತ್ತಿ. ಅವ್ವ ಸೆರಗು ಸೊಂಟಕ್ಕೆ ಸಿಗಿಸಿ ನೂಲು ಸುತ್ತಲು ಸುರುಮಾಡಿದಳು. ಬೇರೆ ಮದುವೆಗಳಲ್ಲಿ ಹಾಡು ಹೇಳುತ್ತ, ನಗುತ್ತ ನಿಧಾನ ಸುತ್ತುತ್ತಾರೆ. ನಮ್ಮ ಅವ್ವ ಸುತ್ತಿದ ವೇಗಕ್ಕೆ ಬಳೆ ಗಲಗಲ ಅನ್ನುತ್ತಿದ್ದವು. ಚಂದ್ರವ್ವ ಓಣಿಯ ಹೆಂಗಸರ ನಡುವೆ ಕೂತು ಸೋಬಾನೆ ಎತ್ತಿಕೊಂಡಳು, ಉಳಿದವರು ದನಿಗೂಡಿಸಿದರು. ಕೊನೆಯ ಸುತ್ತಿಗೆ ಗಂಟು ಬೀಳುವ ಹೊತ್ತಿಗೆ ಸಿದರಾಯಕಾಕಾ ಬಾಯಿ ಒರೆಸುತ್ತ ಬಂದು ನಿಂತ. ಹಿಂದೆ ನಾಲ್ಕಾರು ಗಂಡಸರು. ಹಾಡು ನಿಂತಿತು.

"ಹೇ ಕಾಯ್ ಚಾಲಲಂಯ? ಮಾಳಪ್ಪರಾವ ಎಲ್ಲದಾರ? ಏನ ಮಾಡಾಕತ್ತೀರಿ ನೀವು? ಎಬ್ಬಸ್ರಿ ಅವರನ್ನ!"

ಅವ್ವ ಪರಗಂಡಸರ ಎದುರು ಮಾತಾಡುವವಳಲ್ಲ. ಅವತ್ತು ನೂಲಿನ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ತಲೆ ಎತ್ತಿದಳು.

"ನೂಲು ಸುತ್ತಿ ಆಗ್ಯದರಿ. ನಿಮಗ ಬ್ಯಾಡಾದ್ರ ಹರೀರಿ. ನಿಮ್ಮ ಕೈಯಿಂದ್ಲೇ ಹರೀರಿ. ನಮ್ಮ ಮನೀ ಮಂದಿ ಯಾರೂ ಹರಿಯಾಂಗಿಲ್ಲ."

ಹೊಸ್ತಿಲ ಹತ್ತಿರ ಕೂತಿದ್ದ ಆಯಿ ಸೇರಿಸಿದಳು:

"ಸೋದರತ್ತಿ ಇಲ್ಲದ ಮನಿ ಹೆಣ್ಣು ಬ್ಯಾಡ ಅಂದವರು ನೀವು. ಅದಾಳ ಅಂದೆ, ಎಲಿ ಹಿಡದ್ರಿ. ಈಗ ಆ ಸೋದರತ್ತಿ ಕುಂತಾಳ. ಪದ್ಧತಿ ನಿಮ್ಮದು, ನಾವು ನಡಸೀವಿ."

ಸಿದರಾಯಕಾಕಾ ನೂಲಿನ ತನಕ ಬಂದ. ಕೈಯನ್ನೂ ಚಾಚಿದ. ಆ ಎಳೆ ಎಷ್ಟು ಸಣ್ಣದೆಂದರೆ ಊದಿದರೂ ಅಲುಗುತ್ತಿತ್ತು. ಅತ್ತಿ ಅವನ ಮುಖವನ್ನು ನೇರ ನೋಡುತ್ತಿದ್ದಳು. ಬೈಗುಳವಿಲ್ಲ, ಶಾಪದ ಮಾತಿಲ್ಲ, ಮೈಮೇಲೆ ದೇವಿ ಬರಲಿಲ್ಲ. ಬಂದಿದ್ದರೆ ಅವನಿಗೂ ಸುಲಭವಿತ್ತು, ಕಾಲಿಗೆ ಬಿದ್ದು ಪಾರಾಗುತ್ತಿದ್ದ. ಅತ್ತಿ ಒಬ್ಬ ಸಾಮಾನ್ಯ ಹೆಂಗಸಿನಂತೆ, ಮನೆಯ ಹಿರಿಯಳಂತೆ, ಅಕ್ಕನ ಹೆಗಲ ಮೇಲೆ ಕೈಯಿಟ್ಟು ಕೂತಿದ್ದಳು. ಕಾಕಾನ ಕೈ ಹಾಗೇ ಹಿಂದೆ ಹೋಯಿತು. ಅಷ್ಟರಲ್ಲಿ ಮದುಮಗನ ತಾಯಿ, ಅಲ್ಲಿಯತನಕ ಒಂದು ಮಾತೂ ಆಡದೆ ದೂರ ಕೂತಿದ್ದ ಹೆಂಗಸು, ಬೇಸರದ ದನಿಯಲ್ಲಿ ಅಂದಳು:

"ಭಾವಜೀ, ಸರೀರಿ ಆಚೆ. ಆರತಿ ಆರಾಕತ್ತದ. ಅತ್ತೆವ್ವಾ, ನೀವು ಅರಿಶಿಣ ಹಚ್ಚರಿ."

ಅತ್ತಿ ಬಟ್ಟಲಿಗೆ ಕೈ ಅದ್ದಿ ಅಕ್ಕನ ಎರಡೂ ಗಲ್ಲಕ್ಕೆ ಅರಿಶಿಣ ಬಳಿದಳು. ಆ ಬಟ್ಟಲು ಎತ್ತಿಕೊಟ್ಟವಳು ನಾನಲ್ಲ. ಕಣ್ಣು ಮಾತ್ರ ಬಿಟ್ಟುಕೊಂಡು ನೋಡಿದೆ. ಮುಂದೆ ಎಷ್ಟೋ ವರ್ಷಗಳ ಮೇಲೆ, ನಾನು ಮದುವೆಯಾಗುವುದಿಲ್ಲ, ಪದ್ಮಾಳ ಸಂಗಡ ಮನೆ ಮಾಡುತ್ತೇನೆ ಎಂದು ಹೇಳಿದಾಗ ನೆಂಟರೆಲ್ಲ "ಇಷ್ಟು ಸೊಕ್ಕು ಎಲ್ಲಿಂದ ಬಂತು ಇದಕ್ಕ" ಅಂದರು. ಸೊಕ್ಕು ನನ್ನ ಸ್ವಂತದ್ದಲ್ಲ, ಮನೆತನದ್ದು. ಒಬ್ಬಳು ಹಾಸಿಗೆ ಹೊತ್ತು ಒಳಗೆ ತಂದಳು, ಒಬ್ಬಳು ನೂಲು ಸುತ್ತಿದಳು, ಒಬ್ಬಳು ಮಣೆ ಬಿಟ್ಟು ಏಳಲಿಲ್ಲ. ಯಾರಿಗೂ ಓದು ಬರುತ್ತಿರಲಿಲ್ಲ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಅದಕ್ಕೇ ನನ್ನ ನೆನಪುಗಳಲ್ಲಿ ಈ ಅಧ್ಯಾಯ ಬರೆಯುತ್ತಿದ್ದೇನೆ.

ಅಕ್ಷತೆ ಬಿದ್ದ ಮೇಲೆ ಆಯೇರಿ. ನಮ್ಮ ಕಡೆ ಆಯೇರಿ ಎಂದರೆ ಉಡುಗೊರೆ ಕೊಡುವುದು, ಕೊಡುವಾಗ ಯಾರು ಯಾರಿಗೆ ಕೊಟ್ಟರು ಎಂದು ಹಂದರದಲ್ಲಿ ಒಬ್ಬ ನಿಂತು ಗಟ್ಟಿಯಾಗಿ ಒದರಬೇಕು. ಆ ಕೆಲಸ ಓಣಿಯ ಭೀಮಶಾನದು. ಅವನ ಗಂಟಲು ಡೋಲಿಗಿಂತ ಜೋರು. ಬೀಗರಿಗೆ ಆಯಿತು, ಮಾವಂದಿರಿಗೆ ಆಯಿತು. ಸುರಗಿಯಲ್ಲಿ ಕೂತ ಸೋದರತ್ತೆಗೆ ತವರಿನ ಆಯೇರಿ ಕೊಡಬೇಕು, ಕೊಡಬೇಕಾದವನು ಅವಳ ಒಡಹುಟ್ಟಿದವನು. ಬೆಳಗಿನಿಂದ ಕಣ್ಣಿಗೆ ಬೀಳದ ಅಪ್ಪ ಒಳಗಿನಿಂದ ಒಂದು ಸೀರೆ ಹಿಡಿದುಕೊಂಡು ಬಂದ. ಭೀಮಶಾ ಬಾಯಿ ತೆರೆದವನು ನಿಲ್ಲಿಸಿ, ದನಿ ತಗ್ಗಿಸಿ ಕೇಳಿದ:

"ಮಾಳಪ್ಪಣ್ಣ, ಯಾರಿಗಿ ಅಂತ ಒದರಲಿರಿ?"

"ನ...ನಮ್ಮ ಅಕ್ಕಗ."

"ಏನಂದ್ರಿ?"

ಅಪ್ಪ ಒಮ್ಮೆ ಹಂದರದ ತುಂಬ ನೋಡಿದ. ಅವನ ಸಾಹೇಬ ಕೂತಿದ್ದ, ಕಚೇರಿಯವರು ಕೂತಿದ್ದರು, ಸಿದರಾಯಕಾಕಾ ಕೂತಿದ್ದ.

"ನಮ್ಮ ಅಕ್ಕಗ! ಅಕ್ಕ ರೇವವ್ವಗ ತಮ್ಮ ಮಾಳಪ್ಪನ ಆಯೇರಿ! ಒದರು. ಹಂದರದ ಆ ತುದಿಗಿ ಕೇಳಬೇಕು."

ಭೀಮಶಾ ಒದರಿದ. ಆದರೆ ಅವನು ಒದರುವ ಮೊದಲೇ ಆ ತುದಿಗೆ ಕೇಳಿಸಿಬಿಟ್ಟಿತ್ತು. ಅಪ್ಪನಿಗೆ ಅಷ್ಟು ದೊಡ್ಡ ದನಿ ಇದೆ ಎಂದು ಅವತ್ತಿನತನಕ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅತ್ತಿಗೆ ಸೀರೆ ಕೊಡುವವರು ಬಹಳ ಮಂದಿ ಇದ್ದರು. ಹರಕೆ ತೀರಿದವರು ಕೊಡುತ್ತಿದ್ದರು, ಕೂಸು ಹುಟ್ಟಿದವರು ಕೊಡುತ್ತಿದ್ದರು. ಎಲ್ಲವೂ ಹಸಿರು, ದೇವಿಯ ಬಣ್ಣ. ಅಪ್ಪನ ಕೈಯಲ್ಲಿದ್ದದ್ದು ನೀಲಿ ಇಳಕಲ್ ಸೀರೆ, ಕೆಂಪು ಸೆರಗಿನದು. ಮದುವೆಯ ಜವಳಿ ತರಲು ಸೋಲಾಪುರಕ್ಕೆ ಹೋದಾಗಲೇ ಕೊಂಡು ತಂದು ತನ್ನ ಟ್ರಂಕಿನ ತಳದಲ್ಲಿ ಇಟ್ಟಿದ್ದನಂತೆ. ಅವ್ವ ಅದನ್ನು ನೋಡಿದ್ದಳು, ಕೇಳಿರಲಿಲ್ಲ. ಅಂದರೆ ಬೆಳಿಗ್ಗೆ ಅಡಿಗೆಮನೆಯಲ್ಲಿ ಗೋಡೆ ನೋಡುತ್ತ ನಿಂತಾಗಲೂ ಆ ಸೀರೆ ಟ್ರಂಕಿನಲ್ಲೇ ಇತ್ತು. ಅತ್ತಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮಡಿಕೆ ಸರಿಸಿ ನೋಡಿದಳು.

"ಇದು ಹಸರು ಅಲ್ಲಲೋ, ಮಾಳ್ಯಾ."

"ಹಸರು ಎಲ್ಲವ್ವಂದು," ಅಂದ ಅಪ್ಪ. "ಇದು ನಿಂದು."